ಮೋಟಾರ್ ರಿಪೇರಿಗೆ ಹೋದವನು ಹಾವು ಹಿಡಿಯಲು ಕಲಿತದ್ದು

ನನ್ನ ಕಸುಬು ಮೋಟಾರ್ ವೈಂಡಿಂಗ್. ಚಳ್ಳಕೆರೆಯಲ್ಲಿ ಅಂಗಡಿ. ಸುತ್ತಲಿನ ಹಳ್ಳಿಗಳ ಸುಟ್ಟ ಮೋಟಾರು, ಕೆಟ್ಟ ಸ್ಟಾರ್ಟರು, ಇಲಿ ಕಡಿದ ಕೇಬಲ್ಲು ಇವೇ ನನ್ನ ಅನ್ನ. ಹಾವು ಹಿಡಿಯುತ್ತೇನೆಂದು ಯಾವ ದೇವರಿಗೂ ಹರಕೆ ಹೊತ್ತವನಲ್ಲ. ಆದರೆ ಪಂಪ್‌ಹೌಸಿನ ಬಾಗಿಲು ತೆಗೆಯುವುದೇ ಕೆಲಸವಾದವನಿಗೆ ಹಾವಿನ ಸಹವಾಸ ತಪ್ಪಿದ್ದಲ್ಲ. ಸ್ಟಾರ್ಟರ್ ಪೆಟ್ಟಿಗೆಯ ಇಂಡಿಕೇಟರ್ ದೀಪಕ್ಕೆ ಕೀಟಗಳು ಮುತ್ತುತ್ತವೆ, ಕೀಟ ತಿನ್ನಲು ಹಲ್ಲಿ ಬರುತ್ತದೆ, ಹಲ್ಲಿ ಹುಡುಕಿಕೊಂಡು ಹಾವು ಬರುತ್ತದೆ. ಪೈಪಿನ ಜಾಯಿಂಟು ಸೋರುವಲ್ಲಿ ಕಪ್ಪೆ, ಕಪ್ಪೆಯ ಬೆನ್ನಿಗೆ ಇನ್ನೊಂದು ಹಾವು. ಮೂಲೆಯಲ್ಲಿ ಶೇಂಗಾ ಚೀಲ ಇಟ್ಟಿದ್ದರಂತೂ ಇಲಿಗಳ ಸಂಸಾರ, ಅದಕ್ಕೆ ತಕ್ಕ ಹಾವು. ನಮ್ಮ ಬಯಲುಸೀಮೆಯ ಏಪ್ರಿಲ್ ಬಿಸಿಲಿನಲ್ಲಿ ಹೊಲದಲ್ಲಿ ನೆರಳು, ತಂಪು, ಊಟ ಮೂರೂ ಒಂದೇ ಕಡೆ ಸಿಗುವುದು ಪಂಪ್‌ಹೌಸಿನಲ್ಲೇ.

ರೈತರು ಫೋನ್ ಮಾಡಿದಾಗ ಮೊದಲು ಮೋಟಾರಿನ ಕಾಯಿಲೆಯನ್ನೆಲ್ಲ ಹೇಳುತ್ತಾರೆ. ಕೊನೆಗೆ ದನಿ ತಗ್ಗಿಸಿ, "ಒಳಗೆ ಹುಳು ಇದ್ದಂತಿದೆ, ನೋಡಿಕೊಂಡು ಬಾ" ಎನ್ನುತ್ತಾರೆ. ನಾನು ಹೋಗುವಷ್ಟರಲ್ಲಿ ಆ ಹುಳು ಬೇಲಿಯ ಜಾಲಿ ಮುಳ್ಳಿನ ಮೇಲೆ ನೇತಾಡುತ್ತಿರುತ್ತದೆ. ಸೊಂಟ ಮುರಿದು, ತಲೆ ಜಜ್ಜಿ, ಅದು ಯಾವ ಹಾವು ಎಂದು ಗುರುತೇ ಸಿಗದ ಹಾಗೆ. ಬಹಳ ವರ್ಷ ನಾನೂ ಇದನ್ನು ನೋಡಿ, ಒಳ್ಳೆಯದಾಯಿತು, ಇನ್ನು ಕೆಲಸ ಶುರು ಮಾಡಬಹುದು ಎಂದುಕೊಂಡು ಸ್ಕ್ರೂಡ್ರೈವರ್ ತೆಗೆಯುತ್ತಿದ್ದೆ.

ಆ ಅಭ್ಯಾಸ ಬಿಡಿಸಿದ್ದು ಒಂದು ಬೆರಳು ದಪ್ಪದ ಹಾವು. ಸ್ಟಾರ್ಟರ್ ಮುಚ್ಚಳ ತೆಗೆದರೆ ಕಾಂಟ್ಯಾಕ್ಟರ್ ಎಂಬ ಒಳಗಿನ ಸ್ವಿಚ್ಚಿನ ಸುತ್ತ ಕಂದು ಮೈ, ಬಿಳಿ ಪಟ್ಟೆ. ಹೊಲದ ಯಜಮಾನ "ಕಟ್ಟು ಹಾವು!" ಎಂದು ಕೂಗಿ ಸಲಿಕೆಯ ಕಾವಿನಿಂದ ಪೆಟ್ಟಿಗೆಯೊಳಗೇ ಚುಚ್ಚಿದ. ಮೇನ್ ಸ್ವಿಚ್ ಇಳಿಸಿದ್ದೆನಾದ್ದರಿಂದ ಅವನು ಉಳಿದ. ಹಾವು ಸತ್ತಿತು, ಕಾಂಟ್ಯಾಕ್ಟರ್ ಒಡೆಯಿತು, ಖರ್ಚು ಅವನ ಮೈಮೇಲೆ ಬಂತು. ಪಕ್ಕದ ಹೊಲದವರು ಗಲಾಟೆ ಕೇಳಿ ಬಂದರು. ಚಿತ್ರದುರ್ಗದ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಪಾಠ ಹೇಳಿ ನಿವೃತ್ತರಾಗಿ, ಈಗ ದಾಳಿಂಬೆ ಬೆಳೆದು ನಷ್ಟ ಮಾಡಿಕೊಳ್ಳುತ್ತಿದ್ದ ಮೇಷ್ಟ್ರು. ಸತ್ತ ಹಾವನ್ನು ಕಡ್ಡಿಯಿಂದ ನೇರ ಮಾಡಿ ನನ್ನನ್ನು ಬಗ್ಗಿ ನೋಡೆಂದರು. "ಪಟ್ಟೆ ಎಲ್ಲಿಂದ ಶುರುವಾಗಿದೆ? ಕತ್ತಿನಿಂದಲೇ. ಅಲ್ಲಿ ಅಗಲವಾಗಿದ್ದು ಬಾಲದ ಕಡೆ ಮಾಸುತ್ತ ಹೋಗಿದೆ. ಕಟ್ಟು ಹಾವಿನದು ತಿರುಗಾಮುರುಗಾ. ಕತ್ತಿನ ಹತ್ತಿರ ಪಟ್ಟೆ ಇರುವುದಿಲ್ಲ, ಇದ್ದರೂ ಚುಕ್ಕೆಯಷ್ಟು. ಹಿಂದೆ ಹೋದಂತೆ ಜೋಡಿ ಜೋಡಿ ಗೆರೆ ಸ್ಪಷ್ಟವಾಗುತ್ತದೆ. ಇದು ತೋಳ ಹಾವು. ಹಲ್ಲಿ ತಿಂದು ಬದುಕುವ ಬಡಪಾಯಿ. ಕಚ್ಚಿದರೆ ಕೆಂಪಗಾಗುತ್ತದೆ, ಅಷ್ಟೇ."

ಯಜಮಾನ ಒಪ್ಪಲಿಲ್ಲ. "ಯಾವುದಾದರೇನು ಸಾರ್, ಹಾವು ಹಾವೇ" ಎಂದ. ಆ ಮಾತಿಗೆ ಮೇಷ್ಟ್ರು ಸಿಟ್ಟಾಗಲಿಲ್ಲ. ನನ್ನ ಕಡೆ ತಿರುಗಿ, "ನೀನು ಊರೂರು ತಿರುಗುವವನು. ಸತ್ತದ್ದು ಕಂಡರೆ ಒಂದು ಫೋಟೊ ತೆಗೆದು ಕಳಿಸು. ಎಲ್ಲಿ, ಯಾವ ಹೊತ್ತು ಎಂದು ಬರೆ" ಎಂದರು. ನನ್ನ ಕಲಿಕೆ ಶುರುವಾದದ್ದು ಹೀಗೆ, ಸತ್ತ ಹಾವುಗಳಿಂದ.

ಒಂದು ಮಳೆಗಾಲ ಪೂರ್ತಿ ಕಳಿಸಿದೆ. ರಾತ್ರಿ ಊಟವಾದ ಮೇಲೆ ಮೇಷ್ಟ್ರ ಫೋನ್ ಬರುತ್ತಿತ್ತು, ಒಂದೊಂದೇ ಫೋಟೊ ತೆಗೆದುಕೊಂಡು ಪರೀಕ್ಷೆ. ಎಲ್ಲಕ್ಕಿಂತ ಹೆಚ್ಚು ಇದ್ದದ್ದು ಕೇರೆ. ಆಮೇಲೆ ತೋಳ ಹಾವು, ನೀರು ಹಾವು, ಆಭರಣ ಹಾವು. ಮಣ್ಣುಮುಕ್ಕ ಹಾವಂತೂ ಎಲ್ಲ ಕಡೆಯೂ ಕೊಳಕುಮಂಡಲ ಎಂಬ ಹೆಸರಿನಲ್ಲೇ ಸತ್ತಿತ್ತು. ಇವೆರಡನ್ನು ಬೇರೆ ಮಾಡಲು ನನಗೆ ಬಹಳ ದಿನ ಹಿಡಿಯಿತು. ಎರಡೂ ದಪ್ಪ, ಎರಡಕ್ಕೂ ಕಂದು ಕಲೆ. ಕೊಳಕುಮಂಡಲದ ಬೆನ್ನಿನ ಮೇಲೆ ಮೊಟ್ಟೆಯಾಕಾರದ ಕಲೆಗಳು ಮೂರು ಸಾಲು, ಅಂಚಿಗೆ ಕಪ್ಪು ಗೆರೆ, ಬರೆದಿಟ್ಟಷ್ಟು ಅಚ್ಚುಕಟ್ಟು. ತಲೆ ತ್ರಿಕೋನ, ಕತ್ತು ಬೇರೆಯಾಗಿ ಕಾಣುತ್ತದೆ, ಮೂಗಿನ ಹೊಳ್ಳೆ ದೊಡ್ಡದು. ಮಣ್ಣುಮುಕ್ಕನ ಕಲೆಗಳಿಗೆ ಲೆಕ್ಕವಿಲ್ಲ, ಒಂದಕ್ಕೊಂದು ಕೂಡಿಕೊಂಡು ಹರಡಿರುತ್ತವೆ. ಕತ್ತು ಎಲ್ಲಿ ಮುಗಿದು ತಲೆ ಎಲ್ಲಿ ಶುರುವಾಯಿತೋ ತಿಳಿಯದು, ಬಾಲ ಮೊಂಡು. ಒಂದು ಕಚ್ಚಿದರೆ ಆಸ್ಪತ್ರೆ, ಇನ್ನೊಂದು ಕಚ್ಚಿದರೆ ಸೋಪು ನೀರು. ಕೊಲ್ಲುವವರಿಗೆ ಈ ವ್ಯತ್ಯಾಸ ನೋಡುವ ವ್ಯವಧಾನ ಎಲ್ಲಿಯದು?

ಆ ಫೋಟೊಗಳಲ್ಲಿ ನಾಗರಹಾವು ಕಡಿಮೆ ಇದ್ದದ್ದು ನನಗೆ ವಿಚಿತ್ರವಾಗಿ ಕಂಡಿತು. ಆಮೇಲೆ ಹೊಳೆಯಿತು. ನಾಗರನನ್ನು ಕೊಂದರೆ ದೋಷ, ಮಕ್ಕಳಾಗುವುದಿಲ್ಲ, ಸಂಸ್ಕಾರ ಮಾಡಿಸಬೇಕು, ಕುಕ್ಕೆಗೆ ಹೋಗಬೇಕು. ಹಾಗಾಗಿ ಹೆಡೆ ಬಿಚ್ಚಿದವನ ಮುಂದೆ ಊದುಕಡ್ಡಿ ಹಚ್ಚಿ "ಹೋಗಪ್ಪಾ ನಾಗಪ್ಪ" ಎಂದು ಕೈಮುಗಿಯುತ್ತಾರೆ. ಹೆಡೆಯೂ ಇಲ್ಲದ, ವಿಷವೂ ಇಲ್ಲದ ಕೇರೆ ಹಾವಿಗೆ ದೋಷವೂ ಇಲ್ಲ, ಪೂಜೆಯೂ ಇಲ್ಲ, ಅದಕ್ಕೆ ದೊಣ್ಣೆ. ಪಂಚಮಿಯ ದಿನ ಹುತ್ತಕ್ಕೆ ಹಾಲೆರೆದು, ಚಿಗಳಿ ತಂಬಿಟ್ಟು ಇಟ್ಟು ಬಂದ ಮನೆಯಲ್ಲೇ ಸಂಜೆ ಕೇರೆ ಹಾವನ್ನು ಹೊಡೆದು ಹಾಕಿದ ಫೋಟೊ ನನ್ನ ಮೊಬೈಲಿನಲ್ಲಿ ಇದೆ. ನಂಬಿಕೆಯನ್ನು ನಾನು ಆಡಿಕೊಳ್ಳುವುದಿಲ್ಲ. ನಾಗರನನ್ನು ಉಳಿಸಿದ್ದೇ ಅದು. ಆ ನಂಬಿಕೆಯನ್ನು ಉಳಿದ ಹಾವುಗಳಿಗೂ ಸ್ವಲ್ಪ ಹಂಚಿದ್ದರೆ ಎನ್ನಿಸುತ್ತದೆ, ಅಷ್ಟೇ.

ಕೇರೆಯ ಮೇಲೆ ಹೊರಿಸಿರುವ ಅಪವಾದಗಳನ್ನು ಕೇಳಿದರೆ ಅದು ಕೋರ್ಟಿಗೆ ಹೋಗಬೇಕು. ಹಸುವಿನ ಕಾಲಿಗೆ ಸುತ್ತಿಕೊಂಡು ಹಾಲು ಕುಡಿಯುತ್ತದಂತೆ, ಬಾಲದಿಂದ ಹೊಡೆದರೆ ಆ ಜಾಗ ಕೊಳೆಯುತ್ತದಂತೆ, ನಾಗರನ ಜೊತೆ ಕೂಡುತ್ತದಂತೆ. ಎರಡು ಹಾವು ಹೆಣೆದುಕೊಂಡು ಎದ್ದು ನಿಂತದ್ದನ್ನು ನೋಡಿ ಜನ ಮಿಲನ ಎಂದು ಟವೆಲ್ ಹಾಸುತ್ತಾರೆ. ಅವು ಎರಡೂ ಗಂಡು ಕೇರೆಗಳು, ಕುಸ್ತಿ ಮಾಡುತ್ತಿರುತ್ತವೆ. ಹಾವಿಗೆ ಕೆಚ್ಚಲನ್ನು ಚೀಪುವ ತುಟಿಯಾಗಲಿ ಕೆನ್ನೆಯಾಗಲಿ ಇಲ್ಲ, ಅದರ ಚೂಪು ಹಲ್ಲು ತಾಗಿದರೆ ಹಸು ಒದೆಯದೆ ಬಿಡುವುದೂ ಇಲ್ಲ ಎಂದು ಮೇಷ್ಟ್ರು ಹೇಳಿದಾಗ ಕೇಳಿದವರು ನಕ್ಕರು, ಒಪ್ಪಲಿಲ್ಲ. ಒಪ್ಪಿಸಿದ್ದು ಡ್ರಿಪ್ ಪೈಪು. ಹಿರಿಯೂರು ದಾರಿಯ ಒಂದು ದಾಳಿಂಬೆ ತೋಟದಲ್ಲಿ ಆ ವರ್ಷ ಕಂಡ ಕೇರೆಗಳನ್ನೆಲ್ಲ ಆಳುಗಳು ಹೊಡೆದಿದ್ದರು. ಬೇಸಿಗೆ ಬಂತು. ನೀರಿನ ದಾಹಕ್ಕೆ ಇಲಿಗಳು ಗಿಡಗಳ ಸಾಲಿಗೆ ನೀರೊಯ್ಯುವ ಲ್ಯಾಟರಲ್ ಪೈಪುಗಳನ್ನು ಸಾಲು ಸಾಲಾಗಿ ಕಡಿದವು. ಒತ್ತಡ ಇಳಿದು ಕೊನೆಯ ಗಿಡಗಳಿಗೆ ನೀರು ಮುಟ್ಟುತ್ತಿಲ್ಲ ಎಂದು ಮಾಲೀಕ ನನ್ನನ್ನು ಕರೆಸಿದ, ಮೋಟಾರಿನದೇ ದೋಷ ಎಂದು. ಮೋಟಾರು ಸರಿಯಾಗಿಯೇ ಇತ್ತು. ಪೈಪಿನ ಬಿಲ್ಲು ನೋಡಿದ ಮೇಲೆ ಆತ ಆಳುಗಳಿಗೆ ಹೇಳಿದ ಮಾತು: "ಇನ್ನು ಮೇಲೆ ಕೇರೆ ಹೊಡೆದವನ ಕೂಲಿ ಕಟ್."

ಹಿಡಿಯುವ ಪಾಠ ಆಮೇಲೆ ಬಂತು. ಅದಕ್ಕೂ ಮೊದಲು ಮೇಷ್ಟ್ರು ನನ್ನನ್ನು ಅರಣ್ಯ ಇಲಾಖೆಯವರ ಬಳಿ ಕರೆದುಕೊಂಡು ಹೋದರು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಕೊಲ್ಲುವುದಷ್ಟೇ ಅಲ್ಲ, ಹಿಡಿಯುವುದಕ್ಕೂ ಅನುಮತಿ ಬೇಕು. 2022ರ ತಿದ್ದುಪಡಿಯ ನಂತರ ನಾಗರ, ಕೊಳಕುಮಂಡಲ, ಕೇರೆ ಎಲ್ಲವೂ ಮೊದಲನೆಯ ಪಟ್ಟಿಗೆ ಸೇರಿವೆ. ಆ ಪಟ್ಟಿಯ ಪ್ರಾಣಿಯನ್ನು ಕೊಂದರೆ ಕನಿಷ್ಠ 3 ವರ್ಷ, ಗರಿಷ್ಠ 7 ವರ್ಷ ಜೈಲು. ಹುಲಿ ಇರುವ ಪಟ್ಟಿಯಲ್ಲೇ ಕೇರೆ ಹಾವೂ ಇದೆ ಎಂದರೆ ನಮ್ಮ ಹಳ್ಳಿಗಳಲ್ಲಿ ಯಾರೂ ನಂಬುವುದಿಲ್ಲ. ಅಲ್ಲಿನ ಸಿಬ್ಬಂದಿ ನನ್ನ ವಿವರ ಬರೆದುಕೊಂಡು, ಹಿಡಿದದ್ದನ್ನೂ ಬಿಟ್ಟದ್ದನ್ನೂ ತಿಳಿಸಬೇಕು, ವಿಡಿಯೊ ಮಾಡಿ ಹಾಕಿ ಮೆರೆಯಬಾರದು ಎಂದರು. ಎರಡನೆಯದು ನನಗಿಂತ ನನ್ನ ಅಂಗಡಿಯ ಹುಡುಗನಿಗೆ ಬೇಸರ ತಂದಿತು.

ಮೇಷ್ಟ್ರ ಪದ್ಧತಿಯಲ್ಲಿ ಕೈಯಿಂದ ಹಿಡಿಯುವುದೇ ಇಲ್ಲ. ಬಾಲ ಎತ್ತಿ ಜನಕ್ಕೆ ತೋರಿಸುವುದು, ಕತ್ತು ಒತ್ತಿ ಹಿಡಿಯುವುದು, ಮುತ್ತು ಕೊಡುವುದು, ಇದನ್ನೆಲ್ಲ ಅವರು ಸರ್ಕಸ್ಸು ಎನ್ನುತ್ತಿದ್ದರು. ಹಾವು ಹಿಡಿಯುವವರು ಹಾವು ಕಚ್ಚಿಯೇ ಸಾಯುವುದು ಆ ಸರ್ಕಸ್ಸಿನಿಂದ. ಅವರ ಸಾಮಾನು ಇಷ್ಟು: ದಪ್ಪ ಬಟ್ಟೆಯ ಉದ್ದ ಚೀಲ, ಅದರ ಬಾಯಿಗೆ ಸಿಕ್ಕಿಸಿ ಬಿಗಿಯಾಗಿ ಕಟ್ಟಿದ ಒಂದು ಮೊಳದ ಪಿವಿಸಿ ಪೈಪು, ತುದಿ ಬಾಗಿಸಿದ ಕಬ್ಬಿಣದ ಕೊಕ್ಕೆ, ತೂತು ಕೊರೆದ ಮುಚ್ಚಳದ ಪ್ಲಾಸ್ಟಿಕ್ ಡ್ರಮ್ಮು, ಒಳ್ಳೆಯ ಟಾರ್ಚು, ಬೂಟು. ಪೈಪು ನನ್ನ ಅಂಗಡಿಯದೇ. ಹೆದರಿದ ಹಾವು ಓಡುವುದು ಕತ್ತಲಿನ ಕಡೆಗೆ, ಬಿಲದ ಕಡೆಗೆ. ಗೋಡೆಯ ಬುಡದಲ್ಲಿ ಆ ಪೈಪೇ ಬಿಲವಾದರೆ ನಾವು ಹಿಡಿಯಬೇಕಾಗಿಯೇ ಇಲ್ಲ, ಅದೇ ಒಳಗೆ ಹೋಗುತ್ತದೆ.

ಕೇಳಲು ಸುಲಭ. ಕೇರೆಗಳ ಮೇಲೆ ಅಭ್ಯಾಸವಾದ ಮೇಲೆ ಮೊದಲ ನಾಗರ ಬಂದದ್ದು ಪರಶುರಾಂಪುರದ ಕಡೆಯ ಒಂದು ಪಂಪ್‌ಹೌಸಿನಲ್ಲಿ. ಹಳೆಯ ಸಿಮೆಂಟ್ ಚೀಲಗಳ ಹಿಂದೆ ಇದೆ ಎಂದು ಹೇಳಿದ್ದರು. ಹೋಗುವ ದಾರಿಯಲ್ಲೇ ಫೋನಿನಲ್ಲಿ ಹೇಳಬೇಕಾದದ್ದನ್ನು ಹೇಳಿಯಾಗಿತ್ತು. ಸೀಮೆಎಣ್ಣೆ ಸುರಿಯಬೇಡಿ, ಮೆಣಸಿನಕಾಯಿ ಹೊಗೆ ಹಾಕಬೇಡಿ, ಕೋಲಿನಿಂದ ತಿವಿಯಬೇಡಿ. ನಾಯಿ ಮತ್ತು ಮಕ್ಕಳನ್ನು ದೂರ ಇಡಿ, ಒಬ್ಬರು ಮಾತ್ರ ದೂರದಿಂದ ಅದರ ಮೇಲೆ ಕಣ್ಣಿಟ್ಟಿರಿ. ನಾವು ಹೋದಾಗ ಅರ್ಧ ಊರು ಬಾಗಿಲಲ್ಲಿತ್ತು. ಒಬ್ಬಾಕೆ ಅರಿಶಿನ ಕುಂಕುಮದ ತಟ್ಟೆ ಹಿಡಿದು ನಿಂತಿದ್ದಳು, ಅವಳ ಪಕ್ಕದಲ್ಲೇ ಅವಳ ಮಗ ಗಡಾರಿ ಹಿಡಿದು ನಿಂತಿದ್ದ.

ಜನರನ್ನು ಹಿಂದಕ್ಕೆ ಕಳಿಸುವುದಕ್ಕೇ ಹೆಚ್ಚು ಹೊತ್ತು ಹೋಯಿತು. ಮೇಷ್ಟ್ರು ಬಾಗಿಲಲ್ಲಿ ಟಾರ್ಚು ಹಿಡಿದು ನಿಂತರು, ಚೀಲ ನನ್ನ ಕೈಗೆ ಬಂತು. ಗೋಡೆಗಳೆರಡು ಕೂಡುವ ಮೂಲೆಗೆ ಪೈಪಿನ ಬಾಯಿ ಒತ್ತಿ ಇಟ್ಟೆ, ಇನ್ನೊಂದು ಬದಿಗೆ ಇಟ್ಟಿಗೆ ಅಡ್ಡ ಇಟ್ಟೆ. ಕೊಕ್ಕೆಯಿಂದ ಸಿಮೆಂಟ್ ಚೀಲ ಸರಿಸಿದ್ದೇ ತಡ, ಅದು ಎದ್ದು ನಿಂತಿತು. ಗೋಧಿ ಬಣ್ಣದ ಹಾವು, ಹೆಡೆಯ ಹಿಂದಿನ ಕನ್ನಡಕದ ಗುರುತು ಟಾರ್ಚಿನ ಬೆಳಕಿಗೆ ಚರ್ಮದಡಿಯಿಂದ ಹೊಳೆಯುತ್ತಿತ್ತು. ಬುಸ್ಸೆಂದು ಎರಡು ಸಲ ಮುಂದಕ್ಕೆ ಎರಗಿತು, ಎರಡು ಸಲವೂ ಬಾಯಿ ಮುಚ್ಚಿಯೇ ಇತ್ತು. "ಅಲ್ಲಾಡಬೇಡ" ಎಂದರು ಮೇಷ್ಟ್ರು. ನನ್ನ ಮೊಣಕಾಲು ಆ ಮಾತನ್ನು ಕೇಳುವ ಸ್ಥಿತಿಯಲ್ಲಿರಲಿಲ್ಲ, ಆದರೂ ನಿಂತೆ. ಸ್ವಲ್ಪ ಹೊತ್ತಿಗೆ ಹೆಡೆ ಕಿರಿದಾಯಿತು. ನಾಲಗೆ ಹೊರಬಂತು, ಒಳಹೋಯಿತು. ತಲೆ ನೆಲಕ್ಕಿಳಿಸಿ, ಗೋಡೆಯ ಬುಡ ಹಿಡಿದು, ಪೈಪಿನ ಅಂಚನ್ನು ನಾಲಗೆಯಿಂದ ಒಂದು ಸಲ ಪರೀಕ್ಷಿಸಿ ಒಳಗೆ ಹೊರಟಿತು. ಅವಸರವೇ ಇಲ್ಲ. ಹೊಟ್ಟೆಯ ಹುರುಪೆ ಪ್ಲಾಸ್ಟಿಕ್ಕಿಗೆ ಉಜ್ಜುವ ಸದ್ದು ಕೈಗೆ ತಾಗುತ್ತಿತ್ತು. ಬಾಲದ ತುದಿ ಮರೆಯಾದದ್ದೇ ಪೈಪು ಮೇಲೆತ್ತಿದೆ, ಹಾವು ಚೀಲದ ತಳಕ್ಕೆ ಜಾರಿತು. ಚೀಲದ ಕತ್ತು ತಿರುಚಿ, ಪೈಪು ಕಳಚಿ, ಗಂಟು ಹಾಕಿ, ಗಂಟಿನ ಮೇಲ್ಭಾಗವನ್ನಷ್ಟೇ ಹಿಡಿದು ಡ್ರಮ್ಮಿಗೆ ಇಳಿಸಿದೆ. ಚೀಲ ಮೈಗೆ ತಾಗಬಾರದು, ಬಟ್ಟೆಯ ಮೂಲಕವೂ ಹಲ್ಲು ಇಳಿಯುತ್ತದೆ.

ಇದರಲ್ಲಿ ಧೈರ್ಯದ ಪಾತ್ರ ಕಡಿಮೆ. ಅಂಗಳದಲ್ಲಿ ಹಾವು ಹೊಡೆಯಲು ಕೋಲೆತ್ತುವವನು ನನಗಿಂತ ಧೈರ್ಯವಂತ, ಏಕೆಂದರೆ ಅವನು ಕಚ್ಚಬಲ್ಲ ಪ್ರಾಣಿಯನ್ನು ಓಡಲು ಬಿಡದೆ ಅಡ್ಡಗಟ್ಟಿ ನಿಲ್ಲುತ್ತಾನೆ.

ಬಿಡುವಾಗ ಇನ್ನೊಂದು ಪಂಚಾಯಿತಿ. "ಜೋಗಿಮಟ್ಟಿ ಕಾಡಿಗೆ ಒಯ್ದು ಬಿಡಿ" ಎಂದು ಒಬ್ಬ, "ಬಳ್ಳಾರಿ ಗಡಿ ದಾಟಿಸಿ" ಎಂದು ಇನ್ನೊಬ್ಬ. ಮೇಷ್ಟ್ರು ಸಮಾಧಾನದಿಂದ ಹೇಳಿದರು: ಅದಕ್ಕೆ ಇಲ್ಲಿನ ಬಿಲ ಗೊತ್ತು, ನೀರು ಗೊತ್ತು, ಇಲಿ ಎಲ್ಲಿ ಸಿಗುತ್ತದೆಂದು ಗೊತ್ತು. ಗುರುತಿಲ್ಲದ ಜಾಗದಲ್ಲಿ ಬಿಟ್ಟರೆ ದಿಕ್ಕೆಟ್ಟು ಅಲೆದು ಯಾರದೋ ಮನೆಗೆ ನುಗ್ಗಿ ಸಾಯುತ್ತದೆ. ಹಗೆ ಸಾಧಿಸಲು ತಿರುಗಿ ಬರುತ್ತದಲ್ಲ ಎಂಬ ಪ್ರಶ್ನೆ ಬರಲೇಬೇಕಿತ್ತು, ಬಂತು. "ಮುಖ ನೆನಪಿಟ್ಟುಕೊಂಡು ಬರುವಷ್ಟು ಬುದ್ಧಿ ಅದಕ್ಕಿಲ್ಲ. ನಿಮ್ಮ ಚೀಲದಲ್ಲಿ ಇಲಿ ಇರುವವರೆಗೂ ಇದಲ್ಲದಿದ್ದರೆ ಇನ್ನೊಂದು ಬರುತ್ತದೆ. ಚೀಲ ತೆಗೆಯಿರಿ." ಕೊನೆಗೆ ಹಾವೂ ಸಾಯಬಾರದು ಕೋಲೂ ಮುರಿಯಬಾರದು ಎಂಬ ಲೆಕ್ಕದಲ್ಲಿ, ಊರಿನ ಕಣ್ಣಿಗೆ ಕಾಣದಷ್ಟು ದೂರ, ಹಾವಿಗೆ ಪರಿಚಯ ತಪ್ಪದಷ್ಟು ಹತ್ತಿರ, ಹಳ್ಳದಾಚೆಯ ಬಂಡೆಗಳ ನಡುವೆ ಬಿಟ್ಟೆವು. ಬಾಗಿಲಲ್ಲಿ ತಟ್ಟೆ ಹಿಡಿದಿದ್ದಾಕೆ ಡ್ರಮ್ಮಿಗೆ ಕುಂಕುಮ ಹಚ್ಚಿದಳು. ಅದನ್ನು ನಾನು ಈಗಲೂ ಒರೆಸಿಲ್ಲ, ಆ ಕುಂಕುಮ ಕಂಡರೆ ಬೇರೆ ಊರುಗಳಲ್ಲಿ ನನ್ನ ಮಾತು ಸ್ವಲ್ಪ ನಡೆಯುತ್ತದೆ.

ಆಮೇಲಿನ ದಿನಗಳದ್ದು ಹೇಳುವುದಕ್ಕೆ ವಿಶೇಷವಿಲ್ಲ. ಮುಂಗಾರಿನ ಮೊದಲ ಮಳೆ ಬಿದ್ದಾಗ ಕರೆ ಹೆಚ್ಚು, ಚಳಿಗೆ ಕಡಿಮೆ. ಜೂನ್ ಹೊತ್ತಿಗೆ ಕೊಳಕುಮಂಡಲ ಮರಿ ಹಾಕುತ್ತದೆ; ಮೊಟ್ಟೆಯಿಡದೆ ಮರಿಗಳನ್ನೇ ಹಾಕುವ ಹಾವು ಅದು, ಒಂದೊಂದು ಸಲ 20-30 ಮರಿ. ಕುಕ್ಕರ್ ಕೂಗಿದ ಹಾಗೆ ಬುಸುಗುಡುತ್ತದೆ, ಕಿವಿಯಿದ್ದವನು ಹತ್ತಿರ ಹೋಗುವುದಿಲ್ಲ. ಎರಡು ತಲೆ ಹಾವಿಗೆ ಲಕ್ಷಗಟ್ಟಲೆ ಬೆಲೆ ಎಂದು ಕೇಳಿಕೊಂಡು ಬರುವವರೂ ಇದ್ದಾರೆ, ಅವರನ್ನು ಹಾವಿಗಿಂತ ದೂರ ಇಟ್ಟಿದ್ದೇನೆ.

ನನ್ನ ಲೆಕ್ಕಾಚಾರವನ್ನೆಲ್ಲ ತಿರುಗಿಸಿದ್ದು ಹಿಡಿದ ಹಾವಲ್ಲ, ಒಂದು ರಾತ್ರಿಯ ಆಸ್ಪತ್ರೆ. ನಮ್ಮಲ್ಲಿ ಹೊಲಕ್ಕೆ ತ್ರೀಫೇಸ್ ಕರೆಂಟು ಪಾಳಿಯ ಮೇಲೆ ಬರುತ್ತದೆ, ಪಾಳಿ ರಾತ್ರಿಯದಾದರೆ ರೈತ ನಡುರಾತ್ರಿ ಎದ್ದು ಮೋಟಾರು ಹಾಕಲು ಹೋಗಬೇಕು. ನನ್ನ ಗಿರಾಕಿಯೊಬ್ಬ ಈರುಳ್ಳಿಗೆ ನೀರು ಬಿಡಲು ಹೋಗಿದ್ದ. ಕಾಲಿಗೆ ಸವೆದ ಚಪ್ಪಲಿ, ಕೈಯಲ್ಲಿ ಮಿಣುಕು ಟಾರ್ಚು. ಪಂಪ್‌ಹೌಸಿನ ಮೆಟ್ಟಿಲ ಬಳಿಯ ಕಲ್ಲುಗುಡ್ಡೆಯಿಂದ ಗರಗಸ ಮಂಡಲ ಹಿಮ್ಮಡಿಯ ಮೇಲೆ ಕಚ್ಚಿತು. ಒಂದು ಗೇಣಿಗಿಂತ ಸ್ವಲ್ಪ ಉದ್ದದ ಹಾವು, ಕಲ್ಲಿನದೇ ಬಣ್ಣ. ಮೈ ಸುರುಳಿ ಸುತ್ತಿ ಪಕ್ಕದ ಹುರುಪೆಗಳನ್ನು ಒಂದಕ್ಕೊಂದು ಉಜ್ಜಿ ಗರಗರ ಸದ್ದು ಮಾಡುತ್ತದೆ. ನೀರಿನ ಸದ್ದಿನಲ್ಲಿ ಅದು ಕೇಳಿಸಲಿಲ್ಲ.

ನನಗೆ ಫೋನ್ ಬಂದದ್ದು ನನ್ನ ಓಮ್ನಿ ವ್ಯಾನಿಗಾಗಿ. "ಅಣ್ಣನಿಗೆ ಹುಳು ಮುಟ್ಟಿದೆ" ಎಂದ ತಮ್ಮ. ಹೋದರೆ ಅಣ್ಣ ಕಟ್ಟೆಯ ಮೇಲೆ ಕುಳಿತಿದ್ದಾನೆ, ತಮ್ಮ ಇನ್ನೂ ಹೊಲದಲ್ಲಿ! ಹಾವನ್ನು ಕೊಂದು ತರದಿದ್ದರೆ ಡಾಕ್ಟರು ಔಷಧಿ ಕೊಡುವುದಿಲ್ಲವೆಂದು ಯಾರೋ ಹೇಳಿದ್ದರಂತೆ. ಬರಿಗಾಲಿನಲ್ಲಿ, ಬರಿಗೈಯಲ್ಲಿ ಅದೇ ಕಲ್ಲುಗುಡ್ಡೆಯನ್ನು ಕೆದಕುತ್ತಿದ್ದ. ಕೊಂದೂ ಬಿಟ್ಟಿದ್ದ. ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ತೊಡೆಯ ಮೇಲಿಟ್ಟುಕೊಂಡು ವ್ಯಾನು ಹತ್ತಿದ. ಸತ್ತ ಹಾವಿನ ತಲೆಯೂ ಸ್ವಲ್ಪ ಹೊತ್ತು ಕಚ್ಚಬಲ್ಲದು ಎಂದು ಹೇಳಿ ಅದನ್ನು ಹಿಂದಿನ ಡ್ರಮ್ಮಿಗೆ ಹಾಕಿಸಿದೆ. ಕಾಲಿಗೆ ಕಟ್ಟಿದ್ದ ಹಗ್ಗ ಬಿಚ್ಚಿಸಿದೆ, ಕಾಲುಂಗುರ ಹಾಕುವ ಗಂಡಸಲ್ಲವಾದ್ದರಿಂದ ತೆಗೆಸಲು ಬೇರೇನೂ ಇರಲಿಲ್ಲ. ಹಿರಿಯರೊಬ್ಬರು ದಾರಿಯಲ್ಲಿ ನಾಟಿ ಔಷಧಿಯವರ ಮನೆ ಇದೆ, ಐದು ನಿಮಿಷ ನಿಲ್ಲಿಸು ಎಂದರು. ಗಾಡಿ ನಿಲ್ಲುವುದಿಲ್ಲ, ಮಂತ್ರ ಬೇಕಾದರೆ ಫೋನಿನಲ್ಲಿ ಹಾಕಿಸಿ ಎಂದೆ. ಹಾಕಿಸಿದರು. ಸ್ಪೀಕರ್ ಆನ್ ಮಾಡಿಕೊಂಡು ಮಂತ್ರ ಕೇಳುತ್ತಲೇ ಆಸ್ಪತ್ರೆ ಸೇರಿದೆವು. ಇಂಥ ಮಂತ್ರಗಳಿಗೆ ಹೆಸರು ಬಂದದ್ದು ತೋಳ ಹಾವು, ಕೇರೆ ಕಚ್ಚಿದವರಿಂದ. ವಿಷದ ಹಾವೂ ಕೆಲವು ಸಲ ವಿಷ ಬಿಡದೆ ಕಚ್ಚುತ್ತದೆ, ಆ ಪುಣ್ಯವೂ ಮಂತ್ರದ ಖಾತೆಗೇ.

ಡಾಕ್ಟರು ಕವರಿನ ಕಡೆ ಒಂದು ಸಲ ನೋಡಿ, ಹೊರಗಿಡಿ ಎಂದರು. ರಕ್ತ ತೆಗೆದು ಒಂದು ಒಣ ಗಾಜಿನ ನಳಿಕೆಗೆ ಹಾಕಿ ಮೇಜಿನ ಮೇಲೆ ಅಲುಗಾಡದ ಹಾಗೆ ನಿಲ್ಲಿಸಿದರು. 20 ನಿಮಿಷ. ಗೋಡೆ ಗಡಿಯಾರ, ನಳಿಕೆ, ಗಡಿಯಾರ, ನಳಿಕೆ. ಹೊತ್ತಾದ ಮೇಲೆ ಮೆಲ್ಲಗೆ ಓರೆ ಮಾಡಿದರು. ಹೆಪ್ಪುಗಟ್ಟಿರಬೇಕಾದ ರಕ್ತ ನೀರಿನಷ್ಟು ತೆಳ್ಳಗೆ ಬದಿಗೆ ಹರಿಯಿತು. ಅಷ್ಟರಲ್ಲಿ ಅವನ ವಸಡಿನಿಂದಲೂ ರಕ್ತ ಒಸರತೊಡಗಿತ್ತು. ವಿಷನಿರೋಧಕದ 10 ಸೀಸೆ ಡ್ರಿಪ್ಪಿಗೆ ಸೇರಿತು. ಅಲರ್ಜಿ ಆದರೆ ಕೊಡಲು ಅಡ್ರಿನಲಿನ್ ಪಕ್ಕದಲ್ಲೇ ತುಂಬಿಟ್ಟುಕೊಂಡಿದ್ದರು. ಆರು ಗಂಟೆ ಬಿಟ್ಟು ಮತ್ತೆ ನಳಿಕೆಯ ಪರೀಕ್ಷೆ, ಆಗ ರಕ್ತ ಹೆಪ್ಪುಗಟ್ಟಿತು.

ಕಾಯುತ್ತ ಕುಳಿತಾಗ ಡಾಕ್ಟರು ತಮ್ಮನಿಗೆ ಹೇಳಿದ್ದನ್ನು ನಾನು ಈಗ ಹೋದಲ್ಲೆಲ್ಲ ಹೇಳುತ್ತೇನೆ. ನಮ್ಮಲ್ಲಿ ಸಿಗುವ ಔಷಧಿ ಒಂದೇ. ನಾಗರ, ಕಟ್ಟು ಹಾವು, ಕೊಳಕುಮಂಡಲ, ಗರಗಸ ಮಂಡಲ ನಾಲ್ಕಕ್ಕೂ ಅದನ್ನೇ ಕೊಡುವುದು. ಯಾವ ಹಾವೆಂದು ತಿಳಿದರೆ ಒಳ್ಳೆಯದು, ದೂರದಿಂದ ತೆಗೆದ ಫೋಟೊ ಸಾಕು. ತಿಳಿಯದಿದ್ದರೂ ರೋಗಿಯ ಲಕ್ಷಣ ನೋಡಿ ಚಿಕಿತ್ಸೆ ನಡೆಯುತ್ತದೆ. ಹಾವನ್ನು ಹುಡುಕಿ ಕೊಲ್ಲಲು ಕಳೆದ ಹೊತ್ತು ರೋಗಿಯದು. ಇನ್ನು ಸ್ವಲ್ಪ ಎಡವಟ್ಟಾಗಿದ್ದರೆ ಆ ವಾರ್ಡಿನಲ್ಲಿ ಅಣ್ಣತಮ್ಮಂದಿರಿಬ್ಬರೂ ಪಕ್ಕಪಕ್ಕ ಮಲಗಿರುತ್ತಿದ್ದರು. ನರ್ಸ್ ಒಬ್ಬರು ಅರ್ಜಿಯೊಂದನ್ನು ತುಂಬುತ್ತಿದ್ದರು. 2024ರ ಫೆಬ್ರವರಿಯಿಂದ ಕರ್ನಾಟಕದಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ಸರ್ಕಾರಕ್ಕೆ ವರದಿ ಮಾಡಬೇಕು. ಅಲ್ಲಿಯವರೆಗೆ ಎಷ್ಟೋ ಸಾವುಗಳು ಮನೆಯಲ್ಲೇ ಆಗಿ ಯಾವ ಪುಸ್ತಕಕ್ಕೂ ಏರುತ್ತಿರಲಿಲ್ಲ. ದೇಶದ ಲೆಕ್ಕವನ್ನು ಮೇಷ್ಟ್ರು ನನಗೆ ಆಮೇಲೆ ತೋರಿಸಿದರು: 2020ರಲ್ಲಿ ಪ್ರಕಟವಾದ ಅಧ್ಯಯನದ ಅಂದಾಜಿನಂತೆ 2000ದಿಂದ 2019ರವರೆಗೆ ಹಾವು ಕಚ್ಚಿ ಸತ್ತವರು 12 ಲಕ್ಷ ಜನ, ವರ್ಷಕ್ಕೆ ಸರಾಸರಿ 58,000. ಬಹುತೇಕ ಹಳ್ಳಿಯವರು, ಅರ್ಧದಷ್ಟು ಸಾವು ಜೂನ್‌ನಿಂದ ಸೆಪ್ಟೆಂಬರ್ ನಡುವೆ. ಹಾವಿನ ಭಯ ಸುಳ್ಳಲ್ಲ. ಅದನ್ನು ಮೂಢತನ ಎಂದು ಪಟ್ಟಣದಲ್ಲಿ ಕುಳಿತು ಹೇಳುವವರು ರಾತ್ರಿ ಪಾಳಿಯಲ್ಲಿ ಒಂದು ಸಲ ಮೋಟಾರು ಹಾಕಿ ಬರಲಿ.

ಆದರೆ ಆ ರಾತ್ರಿ ಬೆಂಚಿನ ಮೇಲೆ ಕುಳಿತು ನನ್ನ ಮೊಬೈಲಿನ ಸತ್ತ ಹಾವುಗಳ ಫೋಟೊಗಳನ್ನು ತಿರುವುತ್ತಿದ್ದೆ. ಅವೆಲ್ಲ ಹಗಲಿನಲ್ಲಿ, ಅಂಗಳದಲ್ಲಿ, ನಾಲ್ಕು ಜನರ ಕಣ್ಣೆದುರು ಹರಿದು ಹೋಗುತ್ತಿದ್ದ ಹಾವುಗಳು. ಕಚ್ಚಿಸಿಕೊಂಡವರನ್ನು ಕೇಳಿದರೆ ಎಲ್ಲರದೂ ಒಂದೇ ಮಾತು: ಕಾಣಲಿಲ್ಲ. ಕಲ್ಲು ಎತ್ತುವಾಗ, ಶೇಂಗಾ ಬಳ್ಳಿಯ ಗುಡ್ಡೆಗೆ ಕೈ ಹಾಕುವಾಗ, ಕತ್ತಲಲ್ಲಿ ಬದುವಿನ ಮೇಲೆ ನಡೆಯುವಾಗ. ಕಟ್ಟು ಹಾವಂತೂ ನೆಲದ ಮೇಲೆ ಮಲಗಿದವರನ್ನು ನಿದ್ದೆಯಲ್ಲೇ ಕಚ್ಚುತ್ತದೆ. ನೋವೂ ಇರುವುದಿಲ್ಲ, ಬೆಳಗಿನ ಜಾವ ಹೊಟ್ಟೆನೋವು ಬಂದು ಕಣ್ಣಿನ ರೆಪ್ಪೆ ಜೋತುಬಿದ್ದಾಗ ಗ್ಯಾಸ್ಟ್ರಿಕ್ ಎಂದು ಸೋಡಾ ಕುಡಿಸುತ್ತಾರೆ. ನಾವು ಕೊಲ್ಲುತ್ತಿರುವುದು ಕಂಡ ಹಾವನ್ನು, ನಮ್ಮನ್ನು ಕಚ್ಚುತ್ತಿರುವುದು ಕಾಣದ ಹಾವು. ಊರಿನ ದೊಣ್ಣೆಗಳೆಲ್ಲ ಸೇರಿದರೂ ಆ ಎರಡನೆಯದಕ್ಕೆ ತಗಲುವುದಿಲ್ಲ.

ಅದಕ್ಕೆ ತಗಲುವುದು ಮಂಚ, ಸೊಳ್ಳೆಪರದೆ, ಟಾರ್ಚು, ಬೂಟು. ಮತ್ತು ನನ್ನ ಕಸುಬಿನಲ್ಲೇ ಇದ್ದರೂ ನನಗೆ ಹೊಳೆಯದೆ ಇದ್ದ ಒಂದು ಸಾಮಾನು, ಮೊಬೈಲ್ ಸ್ಟಾರ್ಟರ್. ಸಿಮ್ ಹಾಕಿದ ಪೆಟ್ಟಿಗೆ. ಮನೆಯಲ್ಲಿ ಮಲಗಿಯೇ ಫೋನ್ ಮಾಡಿ ಮೋಟಾರು ಹಾಕಬಹುದು, ಆರಿಸಬಹುದು. ಮೊದಲು ಇದನ್ನು ಸೋಮಾರಿಗಳ ಸ್ಟಾರ್ಟರ್ ಎಂದು ಅಂಗಡಿಯಲ್ಲಿ ನಾವೇ ನಗುತ್ತಿದ್ದೆವು. ಕರೆಂಟು ಬಂದ ಕೂಡಲೇ ತಾನಾಗಿ ಏಳುವ ಹಳೆಯ ಆಟೊ ಸ್ಟಾರ್ಟರ್‌ಗಳಿಗೆ ವಿದ್ಯುತ್ ಕಂಪನಿಯವರ ಆಕ್ಷೇಪವಿದೆ, ಅದು ನ್ಯಾಯವೂ ಹೌದು: ಎಲ್ಲ ಮೋಟಾರೂ ಒಂದೇ ಕ್ಷಣಕ್ಕೆ ಎದ್ದರೆ ಟ್ರಾನ್ಸ್‌ಫಾರ್ಮರ್ ತಡೆಯುವುದಿಲ್ಲ. ಮೊಬೈಲ್ ಸ್ಟಾರ್ಟರ್‌ನಲ್ಲಿ ಒಬ್ಬೊಬ್ಬರಿಗೆ ಒಂದೊಂದು ನಿಮಿಷದ ಅಂತರ ಇಟ್ಟುಕೊಡುತ್ತೇನೆ.

ಆಸ್ಪತ್ರೆಯಿಂದ ಬಂದ ಅಣ್ಣ ಮೊದಲು ಹಾಕಿಸಿಕೊಂಡ. ತಮ್ಮ ಪಂಪ್‌ಹೌಸಿನ ಸುತ್ತಲಿನ ಕಲ್ಲುಗುಡ್ಡೆಯನ್ನು ಟ್ರ್ಯಾಕ್ಟರಿನಲ್ಲಿ ಸಾಗಿಸಿ ಬದುವಿನ ಆಚೆ ಸುರಿದ, ಬಾಗಿಲ ಮೇಲೆ ಒಂದು ಬಲ್ಬು ನೇತುಹಾಕಿದ. ಗಮ್ ಬೂಟೂ ತಂದಿದ್ದಾನೆ, ಆದರೆ ಸೆಕೆ ಎಂದು ಕೈಯಲ್ಲಿ ಹಿಡಿದುಕೊಂಡು ಓಡಾಡುತ್ತಾನೆ. ಅವರನ್ನು ನೋಡಿ ಅಕ್ಕಪಕ್ಕದವರು ಸ್ಟಾರ್ಟರಿನ ಬೆಲೆ ವಿಚಾರಿಸಿದರು, ಚೌಕಾಸಿ ಮಾಡಿದರು, ಕೆಲವರು ಕೊಂಡರು. ಗುಡ್ಡದ ಹಿಂದಿನ ಹೊಲಗಳಲ್ಲಿ ನೆಟ್‌ವರ್ಕ್ ಸಿಗುವುದಿಲ್ಲ, ಅಲ್ಲಿಯವರು ಇನ್ನೂ ರಾತ್ರಿ ನಡೆದೇ ಹೋಗಬೇಕು. ಅವರಿಗೆ ಸದ್ಯ ಚಾರ್ಜ್ ಮಾಡುವ ದೊಡ್ಡ ಟಾರ್ಚುಗಳನ್ನು ಅಸಲು ಬೆಲೆಗೇ ತರಿಸಿಕೊಡುತ್ತಿದ್ದೇನೆ. ಆ ಕಡೆಗೆ ಹಗಲಿನಲ್ಲೇ ಕರೆಂಟು ಕೊಡಿ ಎಂದು ಎಲ್ಲರ ಸಹಿ ಹಾಕಿಸಿ ಒಂದು ಅರ್ಜಿಯನ್ನೂ ಬರೆದಿದ್ದೇವೆ. ಮೇಷ್ಟ್ರು ಅದಕ್ಕೆ ಆಸ್ಪತ್ರೆಯ ಡಿಸ್ಚಾರ್ಜ್ ಚೀಟಿಯ ನಕಲು ಲಗತ್ತಿಸು ಎಂದರು, ಲಗತ್ತಿಸಿದ್ದೇನೆ.